ತೀರ್ಪಿಗೆ ಮುಂಚಿನ ಪುಟಗಳು



ಕೋರ್ಟಿನ ಮಾತು ಬಂದರೆ ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಯಾವ ಅರಳಿಕಟ್ಟೆಯ ಮೇಲಾದರೂ ಒಂದು ಗಾದೆ ಬಂದೇ ಬರುತ್ತದೆ: ಗೆದ್ದವನು ಸೋತ, ಸೋತವನು ಸತ್ತ. ಕೇಳಿದವರು ತಲೆದೂಗುತ್ತಾರೆ, ಮಾತು ಅಲ್ಲಿಗೆ ಮುಗಿಯುತ್ತದೆ. ಸಂಶೋಧಕರ ಕೆಲಸ ಶುರುವಾಗುವುದು ಅಲ್ಲಿಂದ. ಗೆದ್ದವನು ಎಷ್ಟು ಸೋತ? ಎಷ್ಟು ವಾಯಿದೆಗೆ ಓಡಾಡಿದ, ಎಷ್ಟು ದಿನದ ಕೂಲಿ ಬಿಟ್ಟ, ಅಡಿಕೆ ಕೊಯ್ಲಿನ ಎಷ್ಟು ದಿನ ಕೋರ್ಟಿನ ಜಗಲಿಯಲ್ಲಿ ಕಳೆದ? ಸೋತವನು ಯಾರ ಮಾತು ಕೇಳಿ ದಾವೆ ಹೂಡಿದ್ದ? ಗಾದೆಯನ್ನು ಹೀಗೆ ಪ್ರಶ್ನೆಗಳಾಗಿ ಬಿಡಿಸಿ, ಉತ್ತರವನ್ನು ಎಣಿಸಿ, ಕೂತು ನೋಡಿ, ಜನರನ್ನು ಕೇಳಿ ಹುಡುಕುವ ವಿದ್ಯೆಯೊಂದು ಬೆಳೆದಿದೆ. ಕಾನೂನಿನ ಪುಸ್ತಕ ಏನು ಹೇಳುತ್ತದೆ ಎಂಬುದಕ್ಕಿಂತ ಕಾನೂನು ಜನರ ಬದುಕಿನಲ್ಲಿ ಏನಾಗುತ್ತದೆ ಎಂಬುದೇ ಅದರ ವಿಷಯ.

ಈ ಉಪನ್ಯಾಸದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೊದಲು ಪೊಲೀಸ್ ಠಾಣೆ, ಆಮೇಲೆ ಸಾಕ್ಷಿಕಟ್ಟೆ, ಮೂರನೆಯದಾಗಿ ತೀರ್ಪು ಬರೆಯುವವರ ಮನಸ್ಸು. ಕೊನೆಗೆ ಜಮೀನಿನ ಕಡತಗಳು, ಅಂದರೆ ಈ ಮೂರೂ ತಾಲ್ಲೂಕಿನವರು ಹತ್ತಿಳಿಯುವ ತರೀಕೆರೆಯ ಉಪವಿಭಾಗಾಧಿಕಾರಿಗಳ ಕಚೇರಿಯ ಮಾತು. ಅದು ನಮ್ಮ ಮನೆಯ ವಿಷಯವಾದ್ದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆ.

ಠಾಣೆಯಿಂದ ಆರಂಭಿಸೋಣ. ಪ್ರತಿವರ್ಷ ಪತ್ರಿಕೆಗಳಲ್ಲಿ ಅಪರಾಧಗಳ ಅಂಕಿಅಂಶ ಬರುತ್ತದೆ. ಕಳ್ಳತನ ಇಷ್ಟು ಏರಿತು, ಹಲ್ಲೆ ಇಷ್ಟು ಇಳಿಯಿತು ಎಂದು ಓದುತ್ತೇವೆ. ನಿಜಕ್ಕೂ ಆ ಅಂಕಿ ಹೇಳುವುದು ಅಪರಾಧದ ಲೆಕ್ಕವನ್ನಲ್ಲ, ಬರೆದುಕೊಂಡ ದೂರಿನ ಲೆಕ್ಕವನ್ನು. ತೋಟದ ಮೋಟಾರ್ ಕಳೆದುಕೊಂಡವನು ಠಾಣೆಯ ಮೆಟ್ಟಿಲು ಹತ್ತದಿದ್ದರೆ ಆ ಕಳ್ಳತನ ಲೆಕ್ಕದಲ್ಲಿಲ್ಲ. ಹತ್ತಿದರೂ ಕಾಗದದ ಮೇಲೆ ಬರದಿದ್ದರೆ ಆಗಲೂ ಇಲ್ಲ. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಎಂದು ಸುಪ್ರೀಂ ಕೋರ್ಟು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಬೇಕಾಗಿ ಬಂದದ್ದೇ ಈ ಕಾರಣಕ್ಕೆ. ದೂರು ಹೆಚ್ಚಾದ ವರ್ಷ ಅಪರಾಧ ಹೆಚ್ಚಿತೋ, ಜನರಿಗೆ ಠಾಣೆಯ ಮೇಲೆ ನಂಬಿಕೆ ಹೆಚ್ಚಿತೋ ಎಂಬುದು ಅಂಕಿ ನೋಡಿದರಷ್ಟೇ ತಿಳಿಯುವುದಿಲ್ಲ.

ತಿಳಿಯುವ ದಾರಿಯೊಂದನ್ನು ರಾಜಸ್ಥಾನದಲ್ಲಿ ತೋರಿಸಿಕೊಟ್ಟರು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡ್ಯುಫ್ಲೊ ಮತ್ತು ಸಂಗಡಿಗರು ಅಲ್ಲಿನ ಪೊಲೀಸ್ ಇಲಾಖೆಯ ಜೊತೆಗೂಡಿ 11 ಜಿಲ್ಲೆಗಳ 162 ಠಾಣೆಗಳಲ್ಲಿ ಪ್ರಯೋಗ ನಡೆಸಿದರು. ಕೆಲವು ಠಾಣೆಗಳ ಸಿಬ್ಬಂದಿಗೆ ತರಬೇತಿ, ಕೆಲವೆಡೆ ವರ್ಗಾವಣೆಗೆ ತಡೆ, ಕೆಲವೆಡೆ ವಾರದ ರಜೆ. ಜೊತೆಗೆ ಸಂಶೋಧಕರ ಕಡೆಯವರೇ ದೂರುದಾರರಾಗಿ ಠಾಣೆಗೆ ಹೋಗಿ, ಒಂದು ಕಟ್ಟಿದ ದೂರನ್ನು ಹೇಳಿ, ಬರೆದುಕೊಳ್ಳುತ್ತಾರೋ ಇಲ್ಲವೋ ಎಂದು ನೋಡಿಕೊಂಡು ಬಂದರು. ತರಬೇತಿ ಮತ್ತು ವರ್ಗಾವಣೆ ತಡೆಯಿಂದ ಫಲ ಕಂಡಿತು. ವಾರದ ರಜೆಯಂಥವು ಸ್ಥಳೀಯ ಅಧಿಕಾರಿಗಳ ಮಟ್ಟದಲ್ಲಿ ಸರಿಯಾಗಿ ಜಾರಿಯಾಗದೆ ಸೊರಗಿದವು. ಗಮನಿಸಬೇಕಾದ್ದು ಇದು: ರಜೆಯ ಆದೇಶ ಆ ಠಾಣೆಗಳಿಗೆಲ್ಲ ಹೋಗಿತ್ತು. ಆದೇಶ ಹೋಗುವುದು ಬೇರೆ, ಕಾನ್‌ಸ್ಟೆಬಲ್ ಒಬ್ಬ ಭಾನುವಾರ ಮನೆಯಲ್ಲಿ ಮಕ್ಕಳ ಜೊತೆ ಊಟಕ್ಕೆ ಕೂರುವುದು ಬೇರೆ.

ಆ ಕಾನ್‌ಸ್ಟೆಬಲ್‌ನ ಕಡೆಯಿಂದಲೂ ನೋಡಬೇಕು. ಕಾಮನ್ ಕಾಸ್ ಸಂಸ್ಥೆ ಮತ್ತು ಸಿಎಸ್‌ಡಿಎಸ್‌ನ ಲೋಕನೀತಿ ವಿಭಾಗ 2019ರಲ್ಲಿ 21 ರಾಜ್ಯಗಳ 11,834 ಪೊಲೀಸರನ್ನು ಮಾತಾಡಿಸಿ ವರದಿ ತಂದವು. ಸರಾಸರಿ ದುಡಿಮೆ ದಿನಕ್ಕೆ 14 ಗಂಟೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ಬಂದೋಬಸ್ತು ಮುಗಿಸಿ, ಹೆದ್ದಾರಿ ಅಪಘಾತದ ಮಹಜರು ಮುಗಿಸಿ, ರಾತ್ರಿ ಗಸ್ತು ಮುಗಿಸಿ ಬಂದವನ ಮುಂದೆ ಅಣ್ಣತಮ್ಮಂದಿರ ಬದುವಿನ ಜಗಳ ಬಂದು ನಿಂತರೆ, ‘ಕೂತು ಮಾತಾಡಿ ರಾಜಿ ಮಾಡ್ಕೊಳ್ರಪ್ಪ’ ಎಂಬ ಮಾತು ಯಾಕೆ ಬರುತ್ತದೆ ಎಂಬುದು ಈ ಅಂಕಿಯ ಪಕ್ಕದಲ್ಲಿಟ್ಟು ನೋಡಿದಾಗ ಅರ್ಥವಾಗುತ್ತದೆ. ಅರ್ಥವಾಯಿತೆಂದರೆ ಸರಿಯಾಯಿತು ಎಂದಲ್ಲ. ಆ ರಾಜಿಯಲ್ಲಿ ಯಾರ ಕೈ ಮೇಲಾಯಿತು ಎಂಬುದು ಯಾವ ಕಡತದಲ್ಲೂ ಸಿಗುವುದಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಇಂಡಿಯಾ ಜಸ್ಟೀಸ್ ವರದಿಯಲ್ಲಿ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಕ್ಕೆ 2022ರಲ್ಲೂ 2025ರಲ್ಲೂ ಮೊದಲ ಸ್ಥಾನ ಬಂತು. ಹೆಮ್ಮೆಯ ವಿಷಯವೇ. ಆದರೆ ಆ ವರದಿ ಅಳೆಯುವುದು ಹಣ, ಹುದ್ದೆ, ಕಟ್ಟಡ, ಕೆಲಸದ ಹೊರೆ, ಅಂದರೆ ವ್ಯವಸ್ಥೆಯ ಸಾಮರ್ಥ್ಯವನ್ನು. ಠಾಣೆಯ ಬೆಂಚಿನ ಮೇಲೆ ಕಾದು ಕೂತ ಹೆಂಗಸಿಗೆ ಏನಾಯಿತು ಎಂಬುದು ಅದರ ಅಳತೆಗೆ ಬರುವುದಿಲ್ಲ.

ಈಗ ಠಾಣೆಯಿಂದ ಹೊರಟು ನ್ಯಾಯಾಲಯದ ಒಳಗೆ, ಸಾಕ್ಷಿಕಟ್ಟೆಯ ಹತ್ತಿರ ಬರೋಣ.

ಕೆಳ ನ್ಯಾಯಾಲಯಗಳಲ್ಲಿ ಸಾಕ್ಷಿ ನುಡಿಯುವುದು ಕನ್ನಡದಲ್ಲಿ, ದಾಖಲೆಯಾಗುವುದೂ ಕನ್ನಡದಲ್ಲಿ. ಆದರೂ ಆ ಎರಡು ಕನ್ನಡ ಒಂದೇ ಅಲ್ಲ. ಒಂದು ಮಾದರಿಯನ್ನು ಕಟ್ಟಿಕೊಂಡು ನೋಡೋಣ. ಹಳ್ಳಿಯ ಮುದುಕನೊಬ್ಬ ಹೊಡೆದಾಟದ ಕೇಸಿನಲ್ಲಿ ಸಾಕ್ಷಿ. ಪಾಟೀಸವಾಲಿನಲ್ಲಿ ವಕೀಲರು ಕೇಳುತ್ತಾರೆ: ‘ಅಷ್ಟೊತ್ತಿಗೆ ಕತ್ತಲಾಗಿತ್ತಲ್ವೇನಪ್ಪ?’ ಮುದುಕ ಹೇಳುತ್ತಾನೆ: ‘ಕತ್ಲು ಅಂದ್ರೆ… ದನ ಹಟ್ಟಿಗ್ ಬರೋ ಹೊತ್ತು ಸ್ವಾಮಿ, ಮಖ ಕಾಣ್ತಿತ್ತು.’ ನ್ಯಾಯಾಧೀಶರು ಒಂದು ಗಳಿಗೆ ಯೋಚಿಸಿ ಬೆರಳಚ್ಚುಗಾರರಿಗೆ ಹೇಳುತ್ತಾರೆ. ಕಾಗದದ ಮೇಲೆ ಬರುವುದು ಇಷ್ಟು: ‘ಘಟನೆ ನಡೆದಾಗ ಕತ್ತಲಾಗಿತ್ತು ಎಂದರೆ ಸರಿಯಲ್ಲ.’

ಈ ‘ಎಂದರೆ ಸರಿ’, ‘ಎಂದರೆ ಸರಿಯಲ್ಲ’ ಎಂಬ ಎರಡು ಪದಗುಚ್ಛಗಳ ಮೇಲೆ ನಮ್ಮ ವಿಚಾರಣಾ ನ್ಯಾಯಾಲಯಗಳ ಪಾಟೀಸವಾಲು ನಿಂತಿದೆ. ಸಾಕ್ಷ್ಯವನ್ನು ಸಾಮಾನ್ಯವಾಗಿ ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳಬೇಕೆಂಬುದು ಕಾನೂನಿನ ಪದ್ಧತಿ. ಅಗತ್ಯ ಕಂಡಾಗ ಪ್ರಶ್ನೋತ್ತರವಾಗಿಯೂ ಬರೆಯಬಹುದು. ಅದರಲ್ಲಿ ತಪ್ಪಿಲ್ಲ, ಸಮಯ ಉಳಿಯುತ್ತದೆ. ಆದರೆ ಏನು ಹೋಯಿತು ನೋಡಿ. ದನ ಹಟ್ಟಿಗೆ ಬರುವ ಹೊತ್ತು ಹೋಯಿತು. ಕತ್ತಲಿಗೂ ಬೆಳಕಿಗೂ ನಡುವಿನ ಆ ಮಬ್ಬು ಹೋಯಿತು. ಮುಖ ಕಾಣುತ್ತಿತ್ತು ಎಂಬ ಮಾತು ಹೋಯಿತು. ಮುದುಕ ಒಂದು ಗಳಿಗೆ ತಡವರಿಸಿದ್ದು, ಅದು ಸುಳ್ಳಿನ ತಡವರಿಕೆಯಲ್ಲ, ಸರಿಯಾದ ಪದ ಹುಡುಕುವ ತಡವರಿಕೆ ಎಂಬುದು, ಎರಡೂ ಹೋದವು. ಮೂರು ವರ್ಷ ಕಳೆದು ಮೇಲ್ಮನವಿ ಕೇಳುವ ನ್ಯಾಯಾಧೀಶರ ಮುಂದೆ ಇರುವುದು ಆ ಒಂದು ಸಾಲು ಮಾತ್ರ. ಸಿವಿಲ್ ದಾವೆಗಳಲ್ಲಂತೂ 2002ರ ತಿದ್ದುಪಡಿಯ ನಂತರ ಮುಖ್ಯ ವಿಚಾರಣೆಯೇ ಪ್ರಮಾಣಪತ್ರದ ಮೂಲಕ. ಅಂದರೆ ಸಾಕ್ಷಿಯ ಮೊದಲ ಮಾತುಗಳು ವಕೀಲರ ಕಚೇರಿಯಲ್ಲೇ ಟೈಪಾಗಿ ಬರುತ್ತವೆ.

ಫ್ರಾನ್ಸಿನ ಮಾನವಶಾಸ್ತ್ರಜ್ಞೆ ಡ್ಯಾನಿಯೆಲಾ ಬೆರ್ತಿ ಹಿಮಾಚಲ ಪ್ರದೇಶದ ಜಿಲ್ಲಾ ನ್ಯಾಯಾಲಯವೊಂದರಲ್ಲಿ ಕೂತು ಇದನ್ನೇ ಅಧ್ಯಯನ ಮಾಡಿದರು. ಆಡಿದ ಮಾತು ಬರಹವಾಗುವಾಗ ಹೇಗೆ ಬದಲಾಗುತ್ತದೆ, ಪೊಲೀಸರ ಮುಂದೆ ಒಂದು ಹೇಳಿದ ಸಾಕ್ಷಿ ಕೋರ್ಟಿನಲ್ಲಿ ಪ್ರತಿಕೂಲವಾಗಿ ತಿರುಗುವುದು ಯಾಕೆ ಎಂಬುದನ್ನು 2010ರಲ್ಲಿ ಬರೆದರು. ಹಣ, ಹೆದರಿಕೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವರಿಗೆ ಕಂಡದ್ದು ಅದಕ್ಕಿಂತ ಸಂಕೀರ್ಣ. ಘಟನೆಗೂ ವಿಚಾರಣೆಗೂ ನಡುವೆ ವರ್ಷಗಳು ಉರುಳಿರುತ್ತವೆ. ಅಷ್ಟರಲ್ಲಿ ಊರಿನಲ್ಲಿ ಎರಡೂ ಕಡೆಯವರು ಕೂತು ಮಾತಾಡಿ ಮುಗಿಸಿಕೊಂಡಿರುತ್ತಾರೆ. ಸಾಕ್ಷಿ ತಿರುಗುವುದು ಆ ಒಪ್ಪಂದದ ಭಾಗ. ಕೋರ್ಟಿನ ಕಣ್ಣಿಗೆ ಸುಳ್ಳಾದದ್ದು ಊರಿನ ಕಣ್ಣಿಗೆ ಕೊಟ್ಟ ಮಾತು ಉಳಿಸಿಕೊಂಡದ್ದು.

ಊರಿನ ಈ ಕಣ್ಣನ್ನು ನಮಗೆ ಮೊದಲು ತೋರಿಸಿದವರು ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿ 1948ರಲ್ಲಿ ತಂಗಿ, ಅಲ್ಲಿನ ಜಗಳಗಳನ್ನು ಒಂದೊಂದಾಗಿ ಬರೆದುಕೊಂಡರು. ಒಟ್ಟು ಕುಟುಂಬವೊಂದರ ಜಗಳದ ಮೇಲೆ 1952ರಲ್ಲಿ, ಅಗಸರ ಜಾತಿ ಪಂಚಾಯಿತಿಯ ವ್ಯಾಜ್ಯದ ಮೇಲೆ 1954ರಲ್ಲಿ ಲೇಖನ ಪ್ರಕಟಿಸಿದರು. ಶಾಂತವಾಗಿರುವಾಗ ಊರು ತನ್ನ ಕಟ್ಟುಪಾಡುಗಳನ್ನು ಬಾಯಿಬಿಟ್ಟು ಹೇಳುವುದಿಲ್ಲ. ಜಗಳವಾದಾಗ ಎಲ್ಲರಿಗೂ ಹಳೆಯದೆಲ್ಲ ನೆನಪಾಗುತ್ತದೆ: ಯಾರ ಅಜ್ಜ ಯಾವ ನ್ಯಾಯಕ್ಕೆ ಏನು ದಂಡ ಕಟ್ಟಿದ, ಯಾರ ಮಾತು ಪಂಚಾಯಿತಿಯಲ್ಲಿ ನಡೆಯಿತು. ಹೀಗೆ ಜಗಳವನ್ನೇ ದಾಖಲೆಯಾಗಿ ಓದುವುದನ್ನು ಕಲಿಸಿದ್ದು ನಮ್ಮ ಹಳೇ ಮೈಸೂರು ಸೀಮೆಯ ಒಂದು ಹಳ್ಳಿ ಎಂಬುದನ್ನು ಇಲ್ಲಿನ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ಮರೆಯಬಾರದು.

ಶ್ರೀನಿವಾಸರು ಹಳ್ಳಿಯಲ್ಲಿ ಕೂತರೆ, ಅಮೆರಿಕದ ರಾಬರ್ಟ್ ಕಿಡ್ಡರ್ ಬೆಂಗಳೂರಿನ ಕೋರ್ಟುಗಳಲ್ಲಿ ವಕೀಲರು ಮತ್ತು ಕಕ್ಷಿದಾರರ ನಡುವೆ ಕೂತರು. 1973 ಮತ್ತು 1974ರಲ್ಲಿ ಅವರು ಬರೆದದ್ದನ್ನು ಇಂದು ಓದಿದರೂ ನಿನ್ನೆ ಬರೆದಂತಿದೆ. ಜನ ಕೋರ್ಟಿಗೆ ಬರುವುದು ಇತ್ಯರ್ಥ ಬೇಕೆಂದು. ಒಳಗೆ ಬಂದ ಮೇಲೆ ಸಿಗುವುದು ಅನಿಶ್ಚಯ, ಮುಂದೂಡಿಕೆ, ನಡುನಡುವೆ ಚೌಕಾಶಿ. ಆ ಅನಿಶ್ಚಯದಲ್ಲಿ ಈಜಲು ಬಲ್ಲವನಿಗೆ ಲಾಭ. ಅದೇ 1974ರಲ್ಲಿ ಕಾನೂನು ವಿದ್ವಾಂಸ ಮಾರ್ಕ್ ಗ್ಯಾಲಂಟರ್ ಇದಕ್ಕೊಂದು ಹೆಸರು ಕೊಟ್ಟರು. ಕೋರ್ಟಿಗೆ ಬರುವವರಲ್ಲಿ ಎರಡು ಬಗೆ, ಪದೇ ಪದೇ ಬರುವವರು ಮತ್ತು ಜೀವನದಲ್ಲಿ ಒಮ್ಮೆ ಬರುವವರು. ಬಿ.ಎಚ್. ರಸ್ತೆಯಲ್ಲಿ ಬೀರೂರಿಗೂ ತರೀಕೆರೆಗೂ ನಡುವೆ ಬೈಕ್ ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ಹೆಂಗಸು ಪರಿಹಾರ ಕೇಳಿ ಬಂದರೆ ಆಕೆಗೆ ಅದು ಮೊದಲ ಕೇಸು, ಕೊನೆಯ ಕೇಸೂ ಹೌದು. ಎದುರಿಗಿರುವ ವಿಮಾ ಕಂಪನಿಗೆ ಅದು ಆ ವರ್ಷದ ಸಾವಿರಾರು ಕೇಸುಗಳಲ್ಲಿ ಒಂದು. ಕಂಪನಿ ಕಾಯಬಲ್ಲದು, ಆಕೆ ಕಾಯಲಾರಳು. ಇಬ್ಬರಿಗೂ ಕಾನೂನು ಒಂದೇ. ಸಮಯ ಒಂದೇ ಅಲ್ಲ.

ಸಮಯದ ಬೆಲೆಯನ್ನು ರೂಪಾಯಿಯಲ್ಲಿ ಹೇಳಿದ್ದು ಬೆಂಗಳೂರಿನ ದಕ್ಷ್ ಸಂಸ್ಥೆ. 2016ರ ಸಮೀಕ್ಷೆಯಲ್ಲಿ 24 ರಾಜ್ಯಗಳ 170 ಜಿಲ್ಲೆಗಳಲ್ಲಿ 9,329 ಕಕ್ಷಿದಾರರನ್ನು ಕೋರ್ಟಿನ ಆವರಣದಲ್ಲೇ ನಿಲ್ಲಿಸಿ ಮಾತಾಡಿಸಿದರು. ಸಿವಿಲ್ ಕೇಸಿನವರಿಗೆ ಒಂದು ವಾಯಿದೆಗೆ ಸರಾಸರಿ 497 ರೂಪಾಯಿ ಖರ್ಚು, ಮೇಲೆ ದುಡಿಮೆ ತಪ್ಪಿ 844 ರೂಪಾಯಿ ನಷ್ಟ. ವಕೀಲರ ಫೀಜು ಇದರಲ್ಲಿಲ್ಲ. ಈಗ ಅಜ್ಜಂಪುರ ಕಡೆಯ ರೈತನೊಬ್ಬನನ್ನು ಕಣ್ಣಮುಂದೆ ತಂದುಕೊಳ್ಳಿ. ಹುಬ್ಬಳ್ಳಿ ಕಡೆಯ ರೈಲು ಅವನ ಊರಿನ ಮೇಲೆ ಹೋಗುತ್ತದೆ, ಶಿವಮೊಗ್ಗದ ರೈಲು ತರೀಕೆರೆಯ ಮೇಲೆ. ಎರಡೂ ಹಳಿ ಕೂಡುವುದು ಬೀರೂರಿನಲ್ಲಿ. ಹಾಗಾಗಿ ತರೀಕೆರೆಗೆ ಹೋಗಲು ಅವನಿಗೆ ಬಸ್ಸೇ ಗತಿ. ಈರುಳ್ಳಿ ಕೀಳುವ ವಾರದಲ್ಲಿ ವಾಯಿದೆ ಬಿದ್ದರೆ, ಬೆಳಿಗ್ಗೆ ಹೊರಟು, ಹೆಸರು ಕೂಗಿಸಿಕೊಂಡು, ಮುಂದಿನ ತಾರೀಖು ಬರೆದ ಚೀಟಿ ಹಿಡಿದು, ಸಂಜೆ ಮನೆ ಸೇರುತ್ತಾನೆ. ಗೆದ್ದವನು ಸೋತ ಎಂಬ ಗಾದೆಗೆ ಅಂಕಿ ಸಿಕ್ಕಿದ್ದು ಹೀಗೆ.

ಮೂರನೆಯ ವಿಷಯಕ್ಕೆ ಬರೋಣ: ತೀರ್ಪು ಬರೆಯುವವರ ಮನಸ್ಸು. ಇಲ್ಲಿ ಎಚ್ಚರಿಕೆಯ ಪಾಠವಾಗಿ ಒಂದು ಕಥೆ ಹೇಳಬೇಕು. 2011ರಲ್ಲಿ ಇಸ್ರೇಲಿನ ಪೆರೋಲ್ ಅರ್ಜಿಗಳ ಅಧ್ಯಯನವೊಂದು ಲೋಕಪ್ರಸಿದ್ಧವಾಯಿತು. 8 ನ್ಯಾಯಾಧೀಶರು, 1,112 ತೀರ್ಮಾನಗಳು. ಊಟ-ತಿಂಡಿಯ ಬಿಡುವಿನ ನಂತರ ಅರ್ಜಿ ಮಂಜೂರಾಗುವ ಸಾಧ್ಯತೆ ಶೇ 65ರಷ್ಟು. ಹೊತ್ತು ಹೋದಂತೆ ಅದು ಇಳಿಯುತ್ತ ಸೊನ್ನೆಯ ಹತ್ತಿರ ಬರುತ್ತದೆ. ಮತ್ತೆ ಬಿಡುವು, ಮತ್ತೆ ಶೇ 65. ಹಸಿದ ನ್ಯಾಯಾಧೀಶರು ಅರ್ಜಿ ತಳ್ಳುತ್ತಾರೆ ಎಂದು ಪತ್ರಿಕೆಗಳು ಬರೆದವು. ಅದೇ ವರ್ಷ ಇನ್ನಿಬ್ಬರು ಸಂಶೋಧಕರು ಆ ಕೋಣೆಯ ಪದ್ಧತಿಯನ್ನು ವಿಚಾರಿಸಿದರು. ವಕೀಲರಿಲ್ಲದ ಕೈದಿಗಳ ಅರ್ಜಿಗಳನ್ನು ಪ್ರತಿ ಬೈಠಕ್ಕಿನ ಕೊನೆಗೆ ತೆಗೆದುಕೊಳ್ಳುತ್ತಿದ್ದರು. ವಕೀಲರಿಲ್ಲದವರ ಅರ್ಜಿ ಬಿದ್ದುಹೋಗುವುದು ಯಾವ ಹೊತ್ತಿನಲ್ಲಾದರೂ ಹೆಚ್ಚೇ. ಹಸಿವಿನ ಕಥೆ ಹೀಗೆ ಅಲುಗಾಡಿತು. ಇದನ್ನು ಕಂಡುಹಿಡಿಯಲು ಹೊಸ ಗಣಿತವೇನೂ ಬೇಕಿರಲಿಲ್ಲ. ಕೇಸುಗಳನ್ನು ಯಾವ ಕ್ರಮದಲ್ಲಿ ಕರೆಯುತ್ತಾರೆ ಎಂಬುದು ಕಡೂರಿನ ಕೋರ್ಟಿನ ಬೆಂಚ್ ಕ್ಲರ್ಕ್ ಅವರನ್ನು ಕೇಳಿದರೂ ಗೊತ್ತಾಗುವಂಥ ಸಂಗತಿ.

ನಮ್ಮ ದೇಶದಲ್ಲೂ ಇಂಥ ದೊಡ್ಡ ಲೆಕ್ಕ ನಡೆದಿದೆ. ಇ-ಕೋರ್ಟ್ಸ್ ಯೋಜನೆಯಿಂದ ಕೆಳ ನ್ಯಾಯಾಲಯಗಳ ಮಾಹಿತಿ ಸಾರ್ವಜನಿಕವಾದ ಮೇಲೆ, 2010ರಿಂದ 2018ರವರೆಗಿನ ಸುಮಾರು 50 ಲಕ್ಷ ಕ್ರಿಮಿನಲ್ ಪ್ರಕರಣಗಳನ್ನು ತೆಗೆದುಕೊಂಡು, ನ್ಯಾಯಾಧೀಶರು ತಮ್ಮ ಧರ್ಮದ ಅಥವಾ ಲಿಂಗದ ಆರೋಪಿಗಳಿಗೆ ರಿಯಾಯಿತಿ ತೋರಿಸುತ್ತಾರೆಯೇ ಎಂದು ಅರ್ಥಶಾಸ್ತ್ರಜ್ಞರ ತಂಡವೊಂದು ನೋಡಿತು. ಒಟ್ಟಾರೆಯಾಗಿ ಅಂಥ ಒಲವು ಕಾಣಲಿಲ್ಲ. ಬೇರೆ ದೇಶಗಳಲ್ಲಿ ಕಂಡ ಪಕ್ಷಪಾತ ಇಲ್ಲಿ ಈ ಅಳತೆಯಲ್ಲಿ ಸಿಗಲಿಲ್ಲ ಎಂಬುದು ನಮ್ಮ ವಿಚಾರಣಾ ನ್ಯಾಯಾಧೀಶರ ಪರವಾಗಿ ಗಟ್ಟಿಯಾಗಿ ಹೇಳಬೇಕಾದ ಮಾತು. ಜೊತೆಗೇ ಇನ್ನೊಂದನ್ನೂ ಹೇಳಬೇಕು. ಈ ಲೆಕ್ಕ ಕೋರ್ಟಿನ ಬಾಗಿಲಿನಿಂದ ಒಳಗೆ ಬಂದವರದ್ದು. ಯಾರ ಮೇಲೆ ಕೇಸು ಬಿತ್ತು, ಯಾರ ಜಗಳ ಠಾಣೆಯ ಬೆಂಚಿನ ಮೇಲೇ ಕರಗಿತು ಎಂಬುದು ಅದರ ಹೊರಗೇ ಉಳಿಯುತ್ತದೆ.

ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ಬೇರೆ ದಾರಿ ಹಿಡಿದರು. 2016ರ ವರದಿಗಾಗಿ ದೇಶದಲ್ಲಿ ಮರಣದಂಡನೆಗೆ ಗುರಿಯಾಗಿದ್ದ 385 ಜನರಲ್ಲಿ 373 ಜನರ ಬದುಕನ್ನು ವಿಚಾರಿಸಿದರು. ನಾಲ್ವರಲ್ಲಿ ಮೂವರಷ್ಟು ಜನ ಆರ್ಥಿಕವಾಗಿ ದುರ್ಬಲರು. ಮರುವರ್ಷ ಸುಪ್ರೀಂ ಕೋರ್ಟಿನ 60 ಮಂದಿ ನಿವೃತ್ತ ನ್ಯಾಯಮೂರ್ತಿಗಳನ್ನೇ ಕೂರಿಸಿಕೊಂಡು ಕೇಳಿದರು. 1980ರ ಬಚನ್ ಸಿಂಗ್ ತೀರ್ಪು ಹೇಳಿದ ‘ಅಪರೂಪದಲ್ಲಿ ಅಪರೂಪ’ ಎಂಬ ಒಂದೇ ಸೂತ್ರ ಒಬ್ಬೊಬ್ಬರಿಗೆ ಒಂದೊಂದು ಅರ್ಥದಲ್ಲಿ ಕಂಡಿತ್ತು.

ಇನ್ನು ಉಳಿದದ್ದು ಜಮೀನು.

ಕಡೂರಿನ ತೆಂಗು, ತರೀಕೆರೆಯ ಅಡಿಕೆ, ಅಜ್ಜಂಪುರದ ಈರುಳ್ಳಿ, ಮೂರೂ ತಾಲ್ಲೂಕಿಗೆ ಹಾಸಿದ ಅಮೃತಮಹಲ್ ಕಾವಲು. ಇಲ್ಲಿನ ವ್ಯಾಜ್ಯಗಳ ಬೇರು ಮಣ್ಣಿನಲ್ಲಿದೆ. ಕಪ್ಪು ಕೋಟಿನ ನ್ಯಾಯಾಧೀಶರಷ್ಟೇ ಮುಖ್ಯವಾದ ನ್ಯಾಯ ತೀರ್ಮಾನ ಇಲ್ಲಿ ಕಂದಾಯ ಅಧಿಕಾರಿಗಳ ಮುಂದೆ ಆಗುತ್ತ ಬಂದಿದೆ.

1974ರ ಮಾರ್ಚ್ 1ರಂದು ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಾಗ ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ ಹುಟ್ಟಿತು. ಉಪವಿಭಾಗಾಧಿಕಾರಿಗಳು ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಗೇಣಿದಾರ ನಮೂನೆ 7 ತುಂಬಿ ತಾನೇ ಬಂದು ನಿಂತು ಹೇಳಬೇಕು: ಈ ಜಮೀನು ನಾನು ಉಳುತ್ತಿದ್ದೇನೆ. ರಾಜ್ಯದಲ್ಲಿ ಇಂಥ 8 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು.

ಆ ದೃಶ್ಯದ ಹೊಸತನವನ್ನು ಇಂದು ಊಹಿಸಿಕೊಳ್ಳುವುದೂ ಕಷ್ಟ. ಪಹಣಿಯಲ್ಲಿ ಹೆಸರಿಲ್ಲದವನು, ಗೇಣಿ ಚೀಟಿಯೂ ಇಲ್ಲದವನು, ಧಣಿಯ ಎದುರಿಗೇ ನಿಂತು ಹಕ್ಕು ಕೇಳುತ್ತಾನೆ. ಅವನ ಪರವಾಗಿ ಇರುವ ಸಾಕ್ಷ್ಯ ಎಂದರೆ ಅಕ್ಕಪಕ್ಕದ ಹೊಲದವರ ಬಾಯಿಮಾತು. ಮಂಡಳಿಯ ಸದಸ್ಯರು ಅದೇ ತಾಲ್ಲೂಕಿನವರು, ಯಾವ ಹೊಲ ಯಾರು ಉಳುತ್ತಾರೆಂದು ಬಲ್ಲವರು. ಬಲ್ಲವರಾದ್ದರಿಂದಲೇ ಸತ್ಯ ಬೇಗ ಸಿಗುತ್ತಿತ್ತು. ಬಲ್ಲವರಾದ್ದರಿಂದಲೇ ಜಾತಿ, ಪಕ್ಷ, ನಂಟಸ್ತಿಕೆಗಳೂ ಒಳಗೆ ಬರಬಹುದಿತ್ತು. 1983ರಲ್ಲಿ ನರೇಂದ್ರ ಪಾಣಿ, 1986ರಲ್ಲಿ ಅನುಷ್ಠಾನದಲ್ಲಿ ಸ್ವತಃ ತೊಡಗಿದ್ದ ಅಧಿಕಾರಿ ಎಂ.ಎ.ಎಸ್. ರಾಜನ್ ಈ ಸುಧಾರಣೆಯ ಮೇಲೆ ಪುಸ್ತಕಗಳನ್ನೇ ಬರೆದರು. 1987ರಲ್ಲಿ ಸುಪ್ರೀಂ ಕೋರ್ಟು ವಕೀಲರ ಮೇಲಿನ ನಿಷೇಧವನ್ನು ಅಸಿಂಧುಗೊಳಿಸಿತು. ವಕೀಲರ ಕಾಯಿದೆ ಕೇಂದ್ರದ್ದು, ರಾಜ್ಯ ಅದನ್ನು ಮೀರುವಂತಿಲ್ಲ ಎಂಬುದು ಕಾರಣ. ಕಾನೂನಿನ ತರ್ಕ ಸರಿಯೇ. ವಕೀಲರಿಲ್ಲದ ವರ್ಷಗಳಲ್ಲಿ ಆದ ತೀರ್ಮಾನಗಳಿಗೂ ವಕೀಲರು ಬಂದ ಮೇಲಿನ ತೀರ್ಮಾನಗಳಿಗೂ ವ್ಯತ್ಯಾಸವೇನು, ಯಾರಿಗೆ ಅನುಕೂಲವಾಯಿತು ಎಂಬುದನ್ನು ತಾಲ್ಲೂಕು ತಾಲ್ಲೂಕಿನ ಕಡತ ಬಿಚ್ಚಿ ನೋಡಬೇಕು. ಕರ್ನಾಟಕದ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಸಂಶೋಧಕರಿಗೆ ಸಿಗಲಾರದು.

ಇನ್ನೊಂದು ಉದಾಹರಣೆ ಇನ್ನೂ ಬಿಸಿಯಾಗಿದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆಯಾಗಿದ್ದರೆ ಅದನ್ನು ಬಿಡಿಸಿ ಕೊಡಲು 1978ರ ಪಿಟಿಸಿಎಲ್ ಕಾಯಿದೆ ಉಪವಿಭಾಗಾಧಿಕಾರಿಗಳಿಗೆ ಅಧಿಕಾರ ಕೊಟ್ಟಿತು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅರ್ಜಿಗೆ ಕಾಯಿದೆಯಲ್ಲಿ ಕಾಲಮಿತಿ ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು, ಮಿತಿ ಇಲ್ಲದಿದ್ದರೂ ನ್ಯಾಯೋಚಿತ ಅವಧಿಯಲ್ಲಿ ಅರ್ಜಿ ಹಾಕಬೇಕು ಎಂದಿತು. ವಿಳಂಬದ ಕಾರಣಕ್ಕೇ ಅರ್ಜಿಗಳು ಬೀಳತೊಡಗಿದವು. 2023ರಲ್ಲಿ ರಾಜ್ಯ ಸರ್ಕಾರ ಕಾಯಿದೆಗೆ ತಿದ್ದುಪಡಿ ತಂದು, ಕಾಲಮಿತಿ ಅನ್ವಯಿಸದು ಎಂದು ಬರೆಯಿತು. ಒಂದೇ ಬಗೆಯ ಜಮೀನು, ಒಂದೇ ಬಗೆಯ ಕ್ರಯಪತ್ರ, ಒಂದೇ ಬಗೆಯ ಬಡತನ. ಆದರೂ ಆದೇಶ ಬಂದ ವರ್ಷ ಯಾವುದು ಎಂಬುದರ ಮೇಲೆ ಒಬ್ಬನ ಹೊಲ ಹಿಂದಕ್ಕೆ ಬಂತು, ಇನ್ನೊಬ್ಬನದು ಬರಲಿಲ್ಲ. ಅವನು ಇಪ್ಪತ್ತು ವರ್ಷ ಯಾಕೆ ಅರ್ಜಿ ಹಾಕಲಿಲ್ಲ ಎಂದು ಅವನ ಮನೆಗೇ ಹೋಗಿ ಕೇಳಿದರೆ ‘ವಿಳಂಬ’ ಎಂಬ ಕಾನೂನಿನ ಪದದೊಳಗೆ ಏನೇನಿದೆ ಎಂದು ತಿಳಿಯುತ್ತದೆ. ಕಾಯಿದೆ ಇದೆಯೆಂದೇ ಗೊತ್ತಿರಲಿಲ್ಲವೋ, ಜಮೀನು ಕೊಂಡವನ ಮನೆಯಲ್ಲೇ ಕೂಲಿಗೆ ಹೋಗಬೇಕಿತ್ತೋ?

ಮನೆಗೆ ಹೋಗಿ ಕೇಳುವುದು, ಕೆಲವು ವರ್ಷ ಬಿಟ್ಟು ಮತ್ತೆ ಹೋಗಿ ಕೇಳುವುದು ತರೀಕೆರೆ ತಾಲ್ಲೂಕಿನಲ್ಲೇ ನಡೆದಿದೆ. ಭದ್ರಾ ಅಭಯಾರಣ್ಯದ ಒಳಗಿದ್ದ ಹಳ್ಳಿಗಳ 419 ಕುಟುಂಬಗಳನ್ನು ಲಕ್ಕವಳ್ಳಿ ಹತ್ತಿರದ ಎಂ.ಸಿ. ಹಳ್ಳಿಗೂ ಕೆಳಗೂರಿಗೂ ಸ್ಥಳಾಂತರಿಸಿದಾಗ ಸಂಶೋಧಕಿ ಕೃತಿ ಕಾರಂತ್ 2002ರಲ್ಲಿ ಅವರನ್ನು ಮಾತಾಡಿಸಿದರು, 2006ರಲ್ಲಿ ಮತ್ತೆ ಹೋಗಿ ಮಾತಾಡಿಸಿದರು, 2007ರಲ್ಲಿ ಪ್ರಕಟಿಸಿದರು. ಅರಣ್ಯ ಕಾನೂನು ಜಾರಿಯಾದ ಮೇಲೆ ಜನರಿಗೆ ಏನಾಯಿತು ಎಂಬುದು ಗೊತ್ತಾದದ್ದು ಆ ಎರಡನೆಯ ಭೇಟಿಯಿಂದ.

ಈ ಸಭೆಯಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೋರಿಕೆಯಿದೆ. ಭೂ ನ್ಯಾಯಮಂಡಳಿಗಳ ಹಳೆಯ ಕಡತಗಳು ಕಟ್ಟುಗಳಾಗಿ ಕೂತಿವೆ. ಗೆದ್ದಲಿಗೆ ಸೇರುವ ಮುಂಚೆ ಅನುಮತಿ ಪಡೆದು ಅವನ್ನು ಪಟ್ಟಿ ಮಾಡಬೇಕು. ಆ ಮಂಡಳಿಗಳ ಮುಂದೆ ನಿಂತವರಲ್ಲಿ ಇನ್ನೂ ಬದುಕಿರುವ ಹಿರಿಯರನ್ನು ಈ ವರ್ಷವೇ ಮಾತಾಡಿಸಬೇಕು. ಅವರಿಗೀಗ ಎಂಬತ್ತು ಮೀರಿದೆ. ಇಷ್ಟು ಆಗದಿದ್ದರೆ ಒಂದು ತಿಂಗಳ ಮಟ್ಟಿಗೆ ಒಂದು ನೋಟುಬುಕ್ಕು ಸಾಕು. ಐದು ಕಲಂ ಗೆರೆ ಎಳೆಯಿರಿ: ಯಾವ ಊರಿನಿಂದ ಬಂದರು, ಮನೆ ಬಿಟ್ಟದ್ದು ಎಷ್ಟು ಹೊತ್ತಿಗೆ, ಹೆಸರು ಕೂಗಿದ್ದು ಎಷ್ಟು ಹೊತ್ತಿಗೆ, ಒಳಗೆ ಎಷ್ಟು ನಿಮಿಷ, ಮುಂದಿನ ವಾಯಿದೆ ಯಾವಾಗ. ಯಾರ ಹೆಸರೂ ಬೇಡ. ಸೋಮವಾರ ಹನ್ನೊಂದು ಗಂಟೆಗೆ ತರೀಕೆರೆ ಕೋರ್ಟಿನ ಜಗಲಿಯಲ್ಲಿ ಮೊದಲ ಕೂಗು ಬೀಳುತ್ತದೆ.